ತಕ್ಕಡಿಗೆ ಬಿದ್ದ ಕಂಪ್ಯೂಟರ್

ನಮ್ಮ ಭಾವನವರು ನಾಸ್ತಿಕರಲ್ಲ. ದೇವರನ್ನು ನಂಬುತ್ತಾರೆ. ಪ್ರಸಾದವನ್ನು ಮಾತ್ರ ತೂಗಿ ನೋಡಿದ ಮೇಲೆಯೇ ನಂಬುವುದು!

ಸುಳ್ಳೆನ್ನಬೇಡಿ. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದ ಅರುವತ್ತು ಜನ ಸಾಕ್ಷಿಗಳಿದ್ದಾರೆ. ಸಪಾದ ಭಕ್ಷ್ಯಕ್ಕೆ ರವೆ, ಸಕ್ಕರೆ, ತುಪ್ಪ ಎಲ್ಲವೂ ಒಂದೂಕಾಲು ಪಾಲು ಇರಬೇಕಲ್ಲ? ಅತ್ತ ಭಟ್ಟರು ಸಂಕಲ್ಪಕ್ಕೆ ಕೂತಿದ್ದಾರೆ, ಇತ್ತ ಅಡುಗೆಮನೆಯಲ್ಲಿ ಭಾವ ರವೆಯ ಪೊಟ್ಟಣವನ್ನು ಕೈತಕ್ಕಡಿಗೆ ನೇತುಹಾಕಿದ್ದಾರೆ.

"ಒಂದೂಕಾಲು ಕಿಲೋ ಅಂತ ಕೊಟ್ಟಿದ್ದಾನೆ. ಒಂದು ಕಿಲೋ ಇನ್ನೂರ ಮೂವತ್ತೇ ಉಂಟು. ಕಡಿಮೆ ರವೆಯಲ್ಲಿ ಎಂತ ಪೂಜೆ ಮಾರಾಯ?"

"ದೇವರು ಭಕ್ತಿ ನೋಡುತ್ತಾನೆ ಸ್ವಾಮೀ, ತೂಕ ನೋಡುವುದಿಲ್ಲ," ಎಂದರು ಭಟ್ಟರು.

"ಅದಕ್ಕೇ ತೂಕ ನಾನು ನೋಡುವುದು!"

ಭಾವ ಎಂದರೆ ನನ್ನ ಅಕ್ಕನ ಗಂಡ. ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಸ್ಟೋರ್ ನೋಡಿಕೊಂಡವರು. ಹಿಂಬಾಗಿಲಿನಿಂದ ಒಳಗೆ ಬರುವ ಅಕ್ಕಿ, ಉದ್ದು, ತೆಂಗಿನಕಾಯಿ, ಬಟಾಟೆ ಯಾವುದೂ ಅವರ ತಕ್ಕಡಿ ಹತ್ತದೆ ಅಡುಗೆಮನೆ ಕಂಡದ್ದಿಲ್ಲ. ಐಸಿನ ಗಡ್ಡೆಯನ್ನೂ ತೂಗುತ್ತಿದ್ದರಂತೆ. ಅದು ಕರಗಿ ಕಡಿಮೆಯಾಗುವ ಮೊದಲು ತೂಗಬೇಕೆಂದು ಓಡುತ್ತಿದ್ದರಂತೆ! ನಿವೃತ್ತಿಯ ದಿನ ಹೋಟೆಲಿನವರು ಶಾಲು, ಹಾರ, ಒಂದು ಬೆಳ್ಳಿ ಬಟ್ಟಲು ಕೊಟ್ಟರು. ಭಾವ ತಾವೇ ಕೇಳಿ ತೆಗೆದುಕೊಂಡದ್ದು ಒಂದೇ ವಸ್ತು: ಕೊಕ್ಕೆಯಿರುವ, ಅಂಕಿ ತೋರಿಸುವ ಕೈತಕ್ಕಡಿ. ಬೆಳ್ಳಿ ಬಟ್ಟಲನ್ನು ಅದರಲ್ಲೇ ತೂಗಿದರು ಎಂದು ಬೇರೆ ಹೇಳಬೇಕೆ?

ಇಂಥವರನ್ನು ನೋಡಿ ನಗುವುದು ಸುಲಭ. ನಾನೂ ನಗುತ್ತಿದ್ದೆ. ಒಂದು ದೀಪಾವಳಿಗೆ ಅಕ್ಕನಿಗೆ ಬೆಳ್ಳಿಯ ದೀಪ ಕೊಟ್ಟೆ. ಮರುದಿನ ಬೆಳಿಗ್ಗೆಯೇ ಭಾವನ ಫೋನು. "ದೀಪ ಚಂದ ಉಂಟು ಮಾರಾಯ. ಹನ್ನೆರಡು ಗ್ರಾಂ ಕಡಿಮೆ ಉಂಟು, ಅಷ್ಟೇ." ಹೋಟೆಲುಗಳಿಗೆ ಗ್ರೈಂಡರು, ಒಲೆ, ಪಾತ್ರೆ ಮಾರಿ ಬದುಕು ಕಟ್ಟಿದವನು ನಾನು; ನನಗೇ ಟೋಪಿ ಹಾಕುವ ಗಂಡು ಯಾರಿದ್ದಾನೆ ಎಂದು ಎದೆ ಸೆಟೆಸಿ ಅಂಗಡಿಗೆ ಹೋದೆ. ತೂಗಿಸಿದೆ. ಸರಿಯಾಗಿ ಹನ್ನೆರಡು ಗ್ರಾಂ! ಅಂದಿನಿಂದ ಭಾವನ ಸಂಶಯದ ಮೇಲೆ ನನಗೆ ಒಂದು ಗೌರವ. ಆ ಗೌರವವೇ ಮುಂದೆ ನನ್ನ ತಲೆ ತಿಂದಿತು.

ಸಂಗತಿ ಶುರುವಾದದ್ದು ಅಕ್ಕನ ಭಾನುವಾರದ ತರಗತಿಯಿಂದ. ಅಕ್ಕ ಊರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದವಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಶಾಲೆಯ ಮೆಟ್ಟಿಲು ಹತ್ತುವ ಯೋಗ ಬರಲಿಲ್ಲ. ಹಾಗಾಗಿ ನಮ್ಮ ಬಡಾವಣೆಯ ಕನ್ನಡ ಸಂಘದ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಒಂದು ಗಂಟೆ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಸಂಬಳವಿಲ್ಲ. ಇಲ್ಲಿಯೇ ಹುಟ್ಟಿದ ಮಕ್ಕಳು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವಂಥವು. ವಾರದಲ್ಲಿ ಆ ಒಂದು ಗಂಟೆ ಮಾತ್ರ ಅಕ್ಕ 'ಟೀಚರ್'.

ಸಂಘದ ಕೋಣೆಯಿದ್ದ ಬಿಲ್ಡಿಂಗ್, ಕೆಡವಿ ಹೊಸತು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ತರಗತಿ ಫೋನಿಗೆ ಬಂತು. ಸಕ್ಕರೆ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟು ಅಕ್ಕ ಪಾಠ ಮಾಡತೊಡಗಿದಳು. ಹನ್ನೊಂದು ಮಕ್ಕಳ ಮುಖ, ಒಂದೊಂದೂ ಹುಣಸೆ ಬೀಜದಷ್ಟು. ಯಾರು ಬರೆಯುತ್ತಿದ್ದಾರೆ, ಯಾರು ಬಿಸ್ಕತ್ತು ತಿನ್ನುತ್ತಿದ್ದಾರೆ, ಕಾಣುವುದಿಲ್ಲ. ಸ್ವರ ತುಂಡು ತುಂಡು. ತಾಯಂದಿರ ದೂರು ಸಂಘದ ಕಾರ್ಯದರ್ಶಿಗಳ ತನಕ ಹೋಯಿತು. ಅವರು ಬಹಳ ಮರ್ಯಾದಸ್ಥರು. ಕತ್ತು ಕೊಯ್ಯುವಾಗಲೂ 'ದಯವಿಟ್ಟು' ಅನ್ನುತ್ತಾರೆ. "ಟೀಚರ್, ದಯವಿಟ್ಟು ತಪ್ಪು ತಿಳಿಯಬೇಡಿ. ಇನ್ನು ನಾಲ್ಕು ಭಾನುವಾರ ನೋಡುವ. ಸರಿಯಾಗದಿದ್ದರೆ ತರಗತಿ ನಿಲ್ಲಿಸಿಬಿಡುವ."

ಅಕ್ಕ ನನಗೆ ಫೋನು ಮಾಡಿದಳು. "ಸೀರೆ ಬೇಡ, ಬಂಗಾರ ಬೇಡ ತಮ್ಮಾ. ನನಗೆ ಮಕ್ಕಳ ಮುಖ ಕಾಣುವ ಹಾಗೆ ಏನಾದರೂ ಮಾಡಿಕೊಡು. ಭಾವನಿಗೆ ನೀನೇ ಹೇಳು."

ಭಾವನಿಗೆ ಹೇಳುವುದು! ಬೋರ್ಡು ಹಾಕದ ಗಾಡಿಗೆ ಟಿಕೆಟ್ ಕೊಳ್ಳುವಷ್ಟು ಧೈರ್ಯ ಬೇಕು ಅದಕ್ಕೆ.

"ಒಂದು ಲ್ಯಾಪ್‌ಟಾಪ್ ತಂದುಬಿಡುವ ಭಾವ," ಎಂದೆ.

"ಮಡಚುವ ವಸ್ತುವಾ? ಬೇಡ. ಮಡಚುವ ಕೊಡೆ ಎಷ್ಟು ಮಳೆಗಾಲ ಬಾಳಿದೆ ಹೇಳು. ಮಡಚುವ ಮಂಚ? ಮಡಚುವ ಕುರ್ಚಿ? ಎಲ್ಲಿ ಮಡಚುತ್ತದೋ ಅಲ್ಲೇ ಮುರಿಯುತ್ತದೆ."

"ಹಾಗಾದರೆ ದೊಡ್ಡ ಡಬ್ಬದ ಕಂಪ್ಯೂಟರ್?"

"ಇಡುವುದು ಎಲ್ಲಿ? ನಿನ್ನ ಅಕ್ಕನ ತಲೆಯ ಮೇಲಾ?"

ಇದು ನ್ಯಾಯವಾದ ಪ್ರಶ್ನೆಯೇ. ಅವರದು ಒಂದು ಕೋಣೆ, ಒಂದು ಅಡುಗೆಮನೆ. ಟೀವಿಯ ಕೆಳಗಿನ ಕಪಾಟಿನಲ್ಲಿ ಅಕ್ಕಿಯ ಡ್ರಮ್ಮಿಗೂ ದೇವರ ಮಂಟಪಕ್ಕೂ ನಡುವೆ ಒಂದು ಗೇಣು ಜಾಗ. ಭಾವ ಟೇಪು ಹಿಡಿದು ಆ ಗೇಣನ್ನು ಮೂರು ಸಲ ಅಳೆದರು. ಒಂದು ಸಲ ನಾನು ಅಳೆದೆ. ನಾನು ಅಳೆದದ್ದನ್ನು ಅವರು ಪುನಃ ಅಳೆದರು. ಅಷ್ಟರಲ್ಲಿ ಮೊದಲ ಭಾನುವಾರ ಮುಗಿಯಿತು. ಪಾಠ ಸಕ್ಕರೆ ಡಬ್ಬದ ಎದುರೇ ನಡೆಯಿತು.

ಇಲ್ಲಿ ಓದುಗರಿಗೆ ಎರಡು ಹಿತವಚನ, ಪುಕ್ಕಟೆ. ಮನೆ ಚಿಕ್ಕದಿದ್ದರೆ ಪುಟ್ಟ ಡೆಸ್ಕ್‌ಟಾಪ್ ತೆಗೆದುಕೊಳ್ಳಿ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಟೀವಿಯ ಹಿಂದೆ ಒಂದು ತಂತಿ ಚುಚ್ಚಿದರೆ ಟೀವಿಯೇ ಪರದೆ. ಪವಾಯಿ ಕಡೆಯ ದೊಡ್ಡ ಆಫೀಸುಗಳು ಮೂರು ನಾಲ್ಕು ವರ್ಷ ಬಳಸಿ ಇವನ್ನು ಗುಡ್ಡೆಗಟ್ಟಲೆ ಹೊರಹಾಕುತ್ತವೆ. ಅಂಗಡಿಯವರು ಒರೆಸಿ, ಸರಿಮಾಡಿ ಮಾರುತ್ತಾರೆ. ಕೊಳ್ಳುವಾಗ ಮುಖ ನೋಡಬೇಡಿ, ಬೆನ್ನು ನೋಡಿ: ಟೀವಿಯ ತಂತಿ ಕೂರುವ ತೂತು ಉಂಟೇ? ಮುಚ್ಚಳ ತೆಗೆಸಿ: ಆಮೇಲೆ ರ್‍ಯಾಮ್ ಹೆಚ್ಚಿಸಲು ಖಾಲಿ ಜಾಗ ಉಂಟೇ? ವಾರಂಟಿಯನ್ನು ಬಾಯಲ್ಲಿ ಹೇಳಿದರೆ ಅದು ಗಾಳಿ. ಬಿಲ್ಲಿನ ಮೇಲೆ ಬರೆಸಿ, ಅಂಗಡಿಯ ಸಿಕ್ಕಾ, ಅಂದರೆ ಮೊಹರು, ಹೊಡೆಸಿ. ಚೌಕಾಸಿ ಮಾಡುವಾಗ ಬೆಲೆ ಕೇಳಿದ ಕೂಡಲೇ ಮಾತಾಡಬೇಡಿ. ಸುಮ್ಮನೆ ಫ್ಯಾನು ನೋಡಿ. ಅಂಗಡಿಯವನೇ ಇಳಿಯುತ್ತಾನೆ.

ಇಷ್ಟೆಲ್ಲ ಗೊತ್ತಿರುವ ನಾನು ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಗೆ ಭಾವನನ್ನು ಕರೆದುಕೊಂಡು ಹೋದೆ. ಅಂಗಡಿಯ ಶೇಠ್ ಒಂದು ಒಳ್ಳೆಯ ಮಾಲು ತೋರಿಸಿದ. ತೆಳ್ಳಗೆ, ಸೊಗಸಾಗಿ, ಬೇಕಾದ್ದೆಲ್ಲ ಒಳಗಿದ್ದದ್ದು. ನಾನು ಫ್ಯಾನು ನೋಡತೊಡಗಿದೆ. ಶೇಠ್ ಇಳಿಯತೊಡಗಿದ. ಎಲ್ಲವೂ ಶಾಸ್ತ್ರಪ್ರಕಾರ ನಡೆಯುತ್ತಿತ್ತು. ಆಗ ಭಾವ ತಮ್ಮ ತರಕಾರಿ ಚೀಲದಿಂದ ಕೈತಕ್ಕಡಿ ಹೊರತೆಗೆದರು.

"ಅರೇ ಕಾಕಾ, ಯೇ ಕಂಪ್ಯೂಟರ್ ಹೈ! ಕಾಂದಾ-ಬಟಾಟಾ ನಹೀ!" ಇದು ನೀರುಳ್ಳಿ-ಬಟಾಟೆಯಲ್ಲ ಎಂದು ಶೇಠ್ ಕಿರುಚಿದ.

ಭಾವ ಆಗಲೇ ಅದನ್ನು ಚೀಲಕ್ಕೆ ಇಳಿಸಿ, ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಆಗಿತ್ತು. ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದರು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಆರುನೂರು ಗ್ರಾಂ. ಒಂದು ಹಲಸಿನ ತೊಳೆ ಕಟ್ಟು ಇದಕ್ಕಿಂತ ಭಾರ. ಇದರ ಒಳಗೆ ಕಂಪ್ಯೂಟರ್ ಇಲ್ಲ."

"ಭಾವ, ಈಗಿನ ಕಾಲದಲ್ಲಿ ಹಗುರ ಇದ್ದಷ್ಟೂ ಒಳ್ಳೆಯದು."

"ಹಾಗೆ ಹೇಳಿಯೇ ನಮ್ಮ ಹೋಟೆಲಿನ ಹಾಲಿನವ ನೀರು ಹಾಕುತ್ತಿದ್ದದ್ದು. ನೀನು ಸುಮ್ಮನಿರು."

ಬರಿಗೈಯಲ್ಲಿ ಬಂದೆವು. ಎರಡನೆಯ ಭಾನುವಾರವೂ ಸಕ್ಕರೆ ಡಬ್ಬಕ್ಕೇ ಅರ್ಪಣೆ. ಅಕ್ಕ ನನ್ನೊಡನೆ ಮಾತು ಬಿಟ್ಟಳು. ಗಂಡನೊಡನೆ ಬಿಟ್ಟಿರಲಿಲ್ಲ, ಅದು ಇನ್ನೂ ಭಯಂಕರವಾಗಿತ್ತು!

ಆ ವಾರ ಪುನಃ ಹೋದೆವು. ಈ ಸಲ ಶೇಠ್ ಬುದ್ಧಿವಂತನಾಗಿದ್ದ. ಮಾಲಿನ ಗುಣಗಾನ ಮಾಡದೆ, ಏಳೆಂಟು ಪುಟ್ಟ ಡೆಸ್ಕ್‌ಟಾಪುಗಳನ್ನು ಸಾಲಾಗಿ ಇಟ್ಟು, "ತೋಲೋ, ಕಾಕಾ" ಎಂದು ಕೈಕಟ್ಟಿ ನಿಂತ. ಭಾವ ಒಂದೊಂದನ್ನೇ ತೂಗಿದರು. ನೋಡಲು ಗಿರಾಕಿಗಳು ಸೇರಿದರು. ಕೊನೆಗೆ ಎಲ್ಲಕ್ಕಿಂತ ಭಾರದ್ದು ಗೆದ್ದಿತು: ಒಂದು ಕಿಲೋ ಏಳುನೂರ ಅರುವತ್ತೈದು ಗ್ರಾಂ. ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯದೂ ಅದೇ, ಎಲ್ಲಕ್ಕಿಂತ ನಿಧಾನದ್ದೂ ಅದೇ. ಒಳಗೆ ಗಿರಗಿರ ತಿರುಗುವ ಹಾರ್ಡ್ ಡಿಸ್ಕು, ಕೈಬೆರಳೆಣಿಕೆಯಷ್ಟು ರ್‍ಯಾಮು. ವರ್ಷಗಟ್ಟಲೆ ಹೋಗದೆ ಕೂತಿದ್ದ ಮಾಲು ತಾನಾಗಿಯೇ ಹೊರಟದ್ದನ್ನು ಕಂಡು ಶೇಠ್ ನಮಗೆ ಚಹಾ ತರಿಸಿದ. ಅಂಗಡಿಯವನು ಕೇಳದೆ ಚಹಾ ತರಿಸಿದರೆ ಎದ್ದು ಓಡಬೇಕು. ಇದು ಇನ್ನೊಂದು ಹಿತವಚನ. ನಾನು ಓಡಲಿಲ್ಲ, ಹನ್ನೆರಡು ಗ್ರಾಮಿನ ದೀಪ ನೆನಪಾಗಿ ಬಾಯಿ ಕಟ್ಟಿತು.

ಮೂರನೆಯ ಭಾನುವಾರ. ಕಂಪ್ಯೂಟರ್ ದೇವರ ಮಂಟಪದ ಪಕ್ಕ ಕೂತಿತು. ಟೀವಿಯ ತಲೆಯ ಮೇಲೆ ಪುಟ್ಟ ಕ್ಯಾಮೆರಾ. ಅಕ್ಕ ಒಳ್ಳೆಯ ಸೀರೆಯುಟ್ಟು, ಕುಂಕುಮ ಹಚ್ಚಿ ಸ್ವಿಚ್ಚು ಹಾಕಿದಳು. ಚಹಾ ಮಾಡಿದಳು. ಕುಡಿದಳು. ಲೋಟ ತೊಳೆದು ಕವುಚಿಟ್ಟು ಬಂದಳು. ಪರದೆಯ ಮೇಲೆ ಚಕ್ರ ಇನ್ನೂ ತಿರುಗುತ್ತಿತ್ತು! ಕಡೆಗೆ ತರಗತಿ ತೆರೆದುಕೊಂಡಾಗ ಮಕ್ಕಳೆಲ್ಲ ಒಂದೇ ಸಮನೆ ಕಿರುಚಿದವು.

"ಟೀಚರ್, ಆಪ್ ದಿಖ್ ನಹೀ ರಹೇ!"

"ಟೀಚರ್, ಎಲ್ಲ ಲಾಲ್ ಲಾಲ್ ಕಾಣುತ್ತೆ!"

ಆ ಮಕ್ಕಳಿಗೆ ಟೀಚರ್ ಕಾಣಲಿಲ್ಲ, ಸೂರ್ಯೋದಯ ಕಾಣಿಸಿತು. ನಾನು ಕ್ಯಾಮೆರಾದ ಹತ್ತಿರ ಹೋಗಿ ನೋಡುತ್ತೇನೆ, ಅದರ ಕಣ್ಣಿನ ಮೇಲೆ ಅಕ್ಕ ಹಣೆಗಿಡುವ ಒಂದು ದೊಡ್ಡ ಕೆಂಪು ಟಿಕಲಿ ಅಂಟಿಸಿದೆ!

"ಯಾರು ಮಾಡಿದ್ದು ಇದು?"

"ನಾನೇ," ಎಂದರು ಭಾವ, ಸ್ವಲ್ಪವೂ ಅಳುಕಿಲ್ಲದೆ. "ಅದು ಮನೆಯೊಳಗೆ ನೋಡುತ್ತಾ ಇರುತ್ತದಂತೆ. ಆಚೆ ಯಾರು ಕೂತಿದ್ದಾರೋ! ನಿನ್ನ ಅಕ್ಕನ ಅಡುಗೆ, ನನ್ನ ಬನಿಯನ್ನು ಎಲ್ಲ ಅವರಿಗೆ ಯಾಕೆ?"

"ನಿಮ್ಮ ಬನಿಯನ್ನು ನೋಡಲಿಕ್ಕೆ ಯಾರು ಕಾಯುತ್ತಾರೆ ಭಾವ?"

"ಕಾಯದವರೇ ನೋಡುವುದು."

ಟಿಕಲಿ ಕಿತ್ತೆ. ಕೂಡಲೇ ಚಿತ್ರ ನಿಂತುಹೋಯಿತು. ಅಕ್ಕ ಬಾಯಿ ತೆರೆದಲ್ಲಿಗೇ ಕಲ್ಲಾದಳು. ಮಕ್ಕಳ ನಗು ಮಾತ್ರ ತುಂಡು ತುಂಡಾಗಿ ಕೇಳುತ್ತಿತ್ತು. ಪಾಠ ಆದದ್ದು ಒಂಬತ್ತು ನಿಮಿಷ. ಅಕ್ಕ ಎದ್ದುಹೋಗಿ ಸೊಪ್ಪು ಬಿಡಿಸತೊಡಗಿದಳು. ಎರಡು ದಿನಕ್ಕೆ ಬೇಕಾದಷ್ಟು ಸೊಪ್ಪು ಬಿಡಿಸಿದಳು. ಕಾರ್ಯದರ್ಶಿಗಳ ಸಂದೇಶ ಬಂತು: 'ದಯವಿಟ್ಟು ಬರುವ ಭಾನುವಾರ ನಾನೂ ಒಂದು ಗಂಟೆ ಕೂತು ನೋಡುವೆ.' ಅಂದರೆ ತೀರ್ಪು ಅಂದೇ.

ಭಾವ ಆ ಸಂದೇಶವನ್ನು ನನ್ನಿಂದ ಎರಡು ಸಲ ಹೇಳಿಸಿ ಕೇಳಿದರು. ಸ್ವಲ್ಪ ಹೊತ್ತು ಅಕ್ಕನ ಬೆನ್ನನ್ನು ನೋಡುತ್ತಾ ಕೂತರು. "ಹೇಳು ಮಾರಾಯ, ಎಂತ ಮಾಡಬೇಕು?" ಎಂದರು. ಮೂವತ್ತೈದು ವರ್ಷಗಳ ಸಂಬಂಧದಲ್ಲಿ ಅವರು ನನ್ನನ್ನು ಸಲಹೆ ಕೇಳಿದ್ದು ಅದೇ ಮೊದಲು. ನನಗೆ ಗಾಬರಿಯೇ ಆಯಿತು!

"ತಿರುಗುವ ಹಾರ್ಡ್ ಡಿಸ್ಕು ತೆಗೆಸಿ ಎಸ್‌ಎಸ್‌ಡಿ ಹಾಕಿಸುವ. ಓಟಕ್ಕೆ ಅದು. ರ್‍ಯಾಮು ಇನ್ನೊಂದು ಸೇರಿಸುವ. ಹನ್ನೊಂದು ಮುಖಗಳನ್ನು ಒಟ್ಟಿಗೆ ಹೊರಲು ಇದು."

"ಎದುರಿಗೇ ಮಾಡಿಸಬೇಕು. ಒಳಗೆ ಕೊಂಡುಹೋಗಲು ಬಿಡಬಾರದು."

ಶನಿವಾರ ಸ್ಲೋ ಲೋಕಲ್ ರೈಲು ಹಿಡಿದು, ಶೇಠನ ಅಂಗಡಿಗೆ ಹತ್ತಿರದ ಸ್ಟೇಷನ್ನಾದ ಗ್ರಾಂಟ್ ರೋಡಿಗೆ ಹೊರಟೆವು. ಕಂಪ್ಯೂಟರನ್ನು ಭಾವ ಬಾಣಂತನ ಮುಗಿದು ಮನೆಗೆ ಬರುವ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ರಿಪೇರಿ ಮಾಡುವ ಚಾಚಾ, ಬಿಳಿಗಡ್ಡದ ಶಾಂತ ಮನುಷ್ಯ. ಅವನ ಮೇಜಿಗೆ ಇಡುವ ಮೊದಲು ಭಾವ ತೂಗಿದರು, ಅಂಕಿಯನ್ನು ಬಾಲ್‌ಪೆನ್ನಿನಿಂದ ಅಂಗೈಯಲ್ಲಿ ಬರೆದುಕೊಂಡರು: 1765. ಚಾಚಾ ಮುಚ್ಚಳ ತೆಗೆದ, ಹಳೆಯ ಡಿಸ್ಕು ಬಿಚ್ಚಿದ, ಚೂಯಿಂಗ್ ಗಮ್ಮಿನ ಪಟ್ಟಿಯಷ್ಟಿದ್ದ ಎಸ್‌ಎಸ್‌ಡಿ ಕೂರಿಸಿದ, ಬೆರಳಗಲದ ರ್‍ಯಾಮು ಸಿಕ್ಕಿಸಿದ, ಮುಚ್ಚಿದ. ಭಾವ ಇಡೀ ಹೊತ್ತು ರೆಪ್ಪೆ ಬಡಿಯಲಿಲ್ಲ. ನಾನು ಎಣಿಸಿದ್ದೇನೆ.

ಆಮೇಲೆ ಪುನಃ ತೂಗಿದರು. 1675!

ಭಾವನ ಮುಖ ನೋಡಬೇಕಿತ್ತು. ಮೂವತ್ತೆರಡು ವರ್ಷಗಳ ಸರ್ವಿಸಿನಲ್ಲಿ ಇಂಥ ಹಗಲು ದರೋಡೆ ಅವರು ಕಂಡಿರಲಿಲ್ಲ.

"ಎರಡು ಸಾಮಾನು ಹೊಸತಾಗಿ ಹಾಕಿಸಿದ್ದು ನಾನು! ತೂಕ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ? ತೊಂಬತ್ತು ಗ್ರಾಂ ಎಲ್ಲಿ ಹೋಯಿತು? ನಬ್ಬೇ ಗ್ರಾಮ್ ಕಿಧರ್ ಗಯಾ?"

ಶೇಠ್ ಗೋಡೆಗೆ ಹಣೆ ಒತ್ತಿಕೊಂಡ. ಚಾಚಾ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಲಾಯಿಯೇ ತರಾಜು" ಎಂದು ತಕ್ಕಡಿಗೆ ಕೈಚಾಚಿದ. ಬಿಚ್ಚಿದ ಹಳೆಯ ಡಿಸ್ಕನ್ನು ಚೀಲಕ್ಕೆ ಹಾಕಿ ನೇತುಹಾಕಿದ. ತೊಂಬತ್ತೈದು ಗ್ರಾಂ. ಹೊಸ ಎರಡೂ ಸಾಮಾನುಗಳದ್ದೇ ಜೋಡಿ ಇನ್ನೊಂದು ತಂದು ತೂಗಿದ. ಎರಡೂ ಸೇರಿ ಹದಿನೈದು. "ತೊಂಬತ್ತೈದು ಹೊರಗೆ, ಹದಿನೈದು ಒಳಗೆ. ಎಂಬತ್ತು ಕಡಿಮೆಯಾಗಲೇಬೇಕು ಕಾಕಾ," ಎಂದು ಹಿಂದಿಯಲ್ಲಿ ಮಗುವಿಗೆ ಹೇಳುವಂತೆ ಹೇಳಿದ.

ನಾನು ಮನಸ್ಸಿನಲ್ಲೇ ಚಾಚಾನ ಪಾದ ಮುಟ್ಟಿದೆ. ಭಾವ ಅಂಗೈ ನೋಡಿದರು, ತುಟಿಯಲ್ಲೇ ಲೆಕ್ಕ ಹಾಕಿದರು.

"ಸರಿ. ಎಂಬತ್ತಕ್ಕೆ ಲೆಕ್ಕ ಸಿಕ್ಕಿತು. ಇನ್ನು ಹತ್ತು?"

ಚಾಚಾ ಮೇಜಿನ ರಬ್ಬರ್ ಹಾಸು ಎತ್ತಿದ. ಅದರಡಿಯಲ್ಲಿ ಡಿಸ್ಕು ಕೂರಿಸುವ ತಗಡಿನ ಪಟ್ಟಿ, ನಾಲ್ಕು ಸ್ಕ್ರೂ! ಹಾಕಲು ಮರೆತಿದ್ದ. ತೂಗಿದರೆ ಸರಿಯಾಗಿ ಹತ್ತು ಗ್ರಾಂ.

ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಾಚಾ ಎದ್ದು ನಿಂತು ಕೈಮುಗಿದ. ಶೇಠ್ ಪುನಃ ಚಹಾ ತರಿಸಿದ. ಈ ಸಲ ಅದು ಗೌರವದ ಚಹಾ, ಕುಡಿಯಬಹುದಾಗಿತ್ತು. ಭಾವ ಮುಟ್ಟಲಿಲ್ಲ. "ಹಾಲು ನೀರು," ಎಂದರು.

ನಾಲ್ಕನೆಯ ಭಾನುವಾರ ನಾನು ಬೇಗ ಹೋದೆ. ಭಾವ ಮನೆಯಲ್ಲಿರಲಿಲ್ಲ. "ಪೇಪರ್ ತರುತ್ತೇನೆ ಅಂತ ಹೋದರು," ಎಂದಳು ಅಕ್ಕ. ಸ್ವಿಚ್ಚು ಹಾಕಿದಳು. ಚಹಾಕ್ಕೆ ನೀರಿಡುವುದರೊಳಗೆ ಪರದೆ ತೆರೆದು ಕೂತಿತ್ತು! ಟೀವಿಯ ತುಂಬ ಮಕ್ಕಳು. ಒಬ್ಬನ ಹಲ್ಲು ಬಿದ್ದಿದೆ. ಒಬ್ಬಳು ಹೊಸ ಕನ್ನಡಕ ಹಾಕಿದ್ದಾಳೆ. ಹಿಂದೆ ಯಾರದೋ ಅಜ್ಜಿ ಬಟ್ಟೆ ಮಡಚುತ್ತಿದ್ದಾರೆ. ಅಕ್ಕ ಪರದೆಯ ಹತ್ತಿರ ಹತ್ತಿರ ಹೋಗಿ ಒಬ್ಬೊಬ್ಬರನ್ನೇ ನೋಡಿದಳು. "ಅಯ್ಯೋ, ಎಷ್ಟು ದೊಡ್ಡವಳಾಗಿದ್ದಾಳೆ ಇವಳು!"

ಪಾಠ ಓಡಿತು. ಒಂದು ಸಲವೂ ನಿಲ್ಲಲಿಲ್ಲ. ಒಂದು ಮೂಲೆಯ ಚೌಕದಲ್ಲಿ ಕಾರ್ಯದರ್ಶಿಗಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದವರು, ಅರ್ಧ ಗಂಟೆಯಾಗುವಾಗ ಮಕ್ಕಳೊಡನೆ ತಾವೂ ಪದ್ಯ ಹೇಳತೊಡಗಿದರು. ಗಂಟೆ ತುಂಬುವ ಮೊದಲೇ ಹೊರಡುವಾಗ, "ಟೀಚರ್, ದಯವಿಟ್ಟು ನಡೆಸಿಕೊಂಡು ಹೋಗಿ," ಎಂದರು. ಆ ಒಂದು 'ದಯವಿಟ್ಟು' ಎಷ್ಟು ಸಿಹಿಯಾಗಿತ್ತು ಎಂದರೆ!

ಅಷ್ಟರಲ್ಲಿ ನನಗೊಂದು ಅನುಮಾನ. ಹನ್ನೊಂದು ಮಕ್ಕಳು. ಕಾರ್ಯದರ್ಶಿಗಳು ಹೋಗಿ ಆಯಿತು. ಅಕ್ಕನದೊಂದು ಬಿಟ್ಟರೆ ಪರದೆಯಲ್ಲಿ ಹನ್ನೊಂದು ಚೌಕ ಇರಬೇಕು. ಹನ್ನೆರಡಿತ್ತು. ಹನ್ನೆರಡನೆಯದು ಕರಿ ಚೌಕ. ಮುಖವಿಲ್ಲ, ಹೆಸರಿಲ್ಲ, ಸ್ವರವಿಲ್ಲ. ಯಾರಿದು? ಬೇರೆ ಸಂಘದ ಗೂಢಚಾರನೋ? ಪುಕ್ಕಟೆ ಪಾಠ ಕದಿಯುವ ಟ್ಯೂಷನ್ನಿನವನೋ? ಅಕ್ಕನಿಗೆ ತಿಳಿಯದಂತೆ ಎದ್ದೆ. ಇಂಥ ವಿಷಯಕ್ಕೆ ಭಾವನೇ ಬೇಕು ಎಂದು ಅವರನ್ನು ಹುಡುಕಿ ಹೊರಗೆ ಬಂದೆ.

ಒಂದು ಮಹಡಿ ಇಳಿದಾಗ ಅಕ್ಕನ ಸ್ವರ ಮೆಟ್ಟಿಲಿನಿಂದಲೇ ಕೇಳಿಸಿತು. ತಿರುವಿನಲ್ಲಿ, ಪೇಪರ್ ಹಾಸಿದ ಮೆಟ್ಟಿಲಿನ ಮೇಲೆ ಭಾವ ಕೂತಿದ್ದರು. ಫೋನು ಕರೆಂಟಿನ ಮೀಟರ್ ಪೆಟ್ಟಿಗೆಗೆ ಒರಗಿತ್ತು. ತೊಡೆಯ ಮೇಲೆ ಗೆರೆ ಹಾಕಿದ ಒಂದು ಕಾಪಿ ಪುಸ್ತಕ, ಕೈಯಲ್ಲಿ ಪೆನ್ಸಿಲು.

ನನ್ನನ್ನು ಕಂಡು ಪುಸ್ತಕ ಮುಚ್ಚಲು ಹೋದರು. ಆಮೇಲೆ ಮುಚ್ಚಲಿಲ್ಲ.

"ಲೈನು ಸರಿ ಬರುತ್ತದಾ ಅಂತ ನೋಡುತ್ತಿದ್ದೆ," ಎಂದರು.

ಭಾವ ಹುಟ್ಟಿದ್ದು ಇಲ್ಲೇ. ಓದಿದ್ದು ಮುನಿಸಿಪಾಲಿಟಿಯ ಮರಾಠಿ ಶಾಲೆ. ಮನೆಯಲ್ಲಿ ಕೇಳಿ ಕೇಳಿ ಕನ್ನಡ ನಿರರ್ಗಳವಾಗಿ ಆಡುತ್ತಾರೆ. ಓದಲು ಒಂದಕ್ಷರ ಬಾರದು. ಅದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಅದೊಂದು ವಿಷಯವೆಂದು ನಮಗೆ ಯಾರಿಗೂ ಅನಿಸಿರಲಿಲ್ಲ.

"ಮನೆಯಲ್ಲಿರುವವರ ಹೆಸರು ಬರೆದು ತೋರಿಸಿ ಮಕ್ಕಳೇ," ಎನ್ನುತ್ತಿದ್ದಳು ಫೋನಿನೊಳಗೆ ಅಕ್ಕ.

ಪುಸ್ತಕದಲ್ಲಿ ಮೂರು ಅಕ್ಷರ. ಒಂದು ದಪ್ಪ, ಒಂದು ಸಣ್ಣ. ಒಂದು ಗೆರೆ ದಾಟಿ ಕೆಳಗಿಳಿದಿತ್ತು. ಅಕ್ಕನ ಹೆಸರು. ಮದುವೆಯಾದಂದಿನಿಂದ ಅವರು ಅವಳನ್ನು ಆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ.

ಭಾವ ಪುಸ್ತಕವನ್ನು ಎರಡೂ ಕೈಗಳಿಂದ ಎತ್ತಿ ಫೋನಿನ ಮುಂದೆ ಹಿಡಿದರು. ಅವರ ಕ್ಯಾಮೆರಾ ಆಫ್ ಆಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ, ಪಕ್ಕದ ಮೆಟ್ಟಿಲಿನ ಮೇಲೆ ಕೂತೆ.

ಅಕ್ಕ ಒಬ್ಬೊಬ್ಬರದೇ ಹಾಳೆ ನೋಡುತ್ತಾ ಬಂದಳು. ಕೊನೆಗೆ ಅವಳ ಸ್ವರ ಸ್ವಲ್ಪ ತಗ್ಗಿತು. "ಇದು ಯಾರಪ್ಪಾ, ಕತ್ತಲಲ್ಲಿ ಕೂತಿರುವುದು? ಮುಖ ಕಾಣುವುದಿಲ್ಲ. ಪರವಾಗಿಲ್ಲ. ಬರೆದೆಯಾ ಮಗೂ?"

ಪುಸ್ತಕ ಎತ್ತಿ ಹಿಡಿದಲ್ಲಿಂದಲೇ ಭಾವ, ಹೌದು ಎಂದು ತಲೆಯಾಡಿಸಿದರು.